ಕಾರು ನಿಲ್ಲಿಸುವ ಕಟ್ಟಡದಲ್ಲಿ ಕಲಾಮೇಳ

ಫಿಲಿಪೀನ್ಸ್‌ನ ಬಂತಾಯಾನ್ ದ್ವೀಪದ ಮೀನುಗಾರರು ಕಡಲ ತಳದಲ್ಲಿ ಮೆರವಣಿಗೆ ಹೊರಟಿದ್ದಾರೆ. ದೋಣಿಯ ಮೇಲಿನ ಕಂಪ್ರೆಸರ್‌ನಿಂದ ಇಳಿಬಿಟ್ಟ ತೆಳು ಕೊಳವೆಯನ್ನು ಬಾಯಲ್ಲಿ ಕಚ್ಚಿಕೊಂಡು, ಅದರಿಂದ ಬರುವ ಗಾಳಿಯಲ್ಲೇ ಉಸಿರಾಡುತ್ತ ಒಬ್ಬರ ಹಿಂದೊಬ್ಬರು ಹೆಜ್ಜೆ ಹಾಕುತ್ತಾರೆ. ಈ ದ್ವೀಪದ ಎಷ್ಟೋ ಜನ ಹೊಟ್ಟೆಪಾಡಿಗಾಗಿ ಮೀನು ಹಿಡಿಯುವುದೂ ಹೀಗೆಯೇ. ಅವಸರದಲ್ಲಿ ಮೇಲೆ ಬಂದರೆ ಕೈಕಾಲು ಬಿದ್ದುಹೋಗುವ ಅಪಾಯವಿರುವ ಕಸುಬು ಅದು. ಮೆರವಣಿಗೆಯಲ್ಲಿ ಅವರು ತೊಟ್ಟಿರುವುದು ಅತಿ-ಅತಿಹಾನ್ ಹಬ್ಬದ ಮಾದರಿಯ ವೇಷಗಳು. ದೇವರೂ ಇದ್ದಾನೆ, ದೇಶದ ಇವತ್ತಿನ ಸಂಕಟಗಳನ್ನು ಹೊತ್ತ ಪಾತ್ರಗಳೂ ಇವೆ. ಒಂದು ಗಂಟೆಗೂ ಮಿಕ್ಕಿ ನಡೆಯುವ ಈ ವಿಡಿಯೊದಲ್ಲಿ ಒಂದೇ ಒಂದು ಮಾತಿಲ್ಲ. ಇದನ್ನು ಮಾಡಿದವರು ಮಾರ್ಥಾ ಅಟಿಯೆಂಜಾ. ಶೀರ್ಷಿಕೆಯಲ್ಲಿ 'ನಮ್ಮ ದ್ವೀಪಗಳು' ಎಂಬ ಮಾತಿನ ಜೊತೆಗೆ ಆ ಜಾಗದ ಅಕ್ಷಾಂಶ, ರೇಖಾಂಶಗಳಿವೆ.

2017ರಲ್ಲಿ ಈ ಕೃತಿ ಸ್ವಿಟ್ಜರ್ಲೆಂಡಿನ ಆರ್ಟ್ ಬಾಸೆಲ್ ಮೇಳಕ್ಕೆ ಹೋಯಿತು. ಒಯ್ದದ್ದು ಮನಿಲಾದ ಸಿಲ್ವರ್‌ಲೆನ್ಸ್ ಗ್ಯಾಲರಿ. ಅಲ್ಲಿ ಅಟಿಯೆಂಜಾ ಅವರಿಗೆ 30,000 ಸ್ವಿಸ್ ಫ್ರಾಂಕ್‌ಗಳ ಬಾಲ್ವಾಸ್ ಪ್ರಶಸ್ತಿ ಬಂತು. ಪ್ರಶಸ್ತಿ ಕೊಡುವ ವಿಮಾ ಕಂಪನಿಯೇ ಗೆದ್ದವರ ಕೃತಿಗಳನ್ನು ಕೊಂಡು ಯುರೋಪಿನ ಮ್ಯೂಸಿಯಂಗಳಿಗೆ ದಾನವಾಗಿ ಕೊಡುವ ರೂಢಿಯಿದೆ. ಕಲಾಮೇಳಗಳನ್ನು ಮೆಚ್ಚುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನಕ್ಷೆಯಲ್ಲಿ ಹುಡುಕಿದರೂ ಸುಲಭಕ್ಕೆ ಸಿಗದ ಒಂದು ದ್ವೀಪದ ಬದುಕು ಜಗತ್ತಿನ ಅತಿ ದೊಡ್ಡ ಕಲಾ ಮಾರುಕಟ್ಟೆಯ ನಡುವೆ ನಿಂತು ಗೌರವ ಪಡೆದಿದೆ. ಮೇಳಗಳನ್ನು ಅನುಮಾನದಿಂದ ನೋಡುವವರು ಇದೇ ಘಟನೆಯನ್ನು ಹಿಡಿದು ಬೇರೊಂದು ಪ್ರಶ್ನೆ ಕೇಳಬಹುದು. ಆ ಮೀನುಗಾರರ ಸ್ವಂತ ದೇಶದಲ್ಲಿ ಇಂಥ ಕೃತಿಯನ್ನು ಜನರ ಪರವಾಗಿ ಕೊಂಡು ಕಾಪಾಡುವವರು ಯಾರು?

ಎರಡೂ ಮಾತು ನಿಜ ಎಂದು ನನಗನ್ನಿಸುತ್ತದೆ. ಎರಡನ್ನೂ ತೂಗಿ ನೋಡಲು ಸರಿಯಾದ ಜಾಗ ಬಾಸೆಲ್ ಅಲ್ಲ, ಮನಿಲಾ ಮಹಾನಗರದ ಭಾಗವಾದ ಮಕಾತಿ.

ಆರ್ಟ್ ಫೇರ್ ಫಿಲಿಪೀನ್ಸ್ ಶುರುವಾದದ್ದು 2013ರಲ್ಲಿ, ಮಕಾತಿಯ ಬಹುಮಹಡಿ ಕಾರ್ ಪಾರ್ಕಿಂಗ್ ಕಟ್ಟಡ 'ದಿ ಲಿಂಕ್'ನಲ್ಲಿ. ಮೇಳ ಕಟ್ಟಿದವರು ಟ್ರಿಕಿ ಲೋಪಾ, ಲಿಸಾ ಪೆರಿಕೆತ್, ಡಿಂಡಿನ್ ಅರನೇತಾ ಎಂಬ ಮೂವರು ಮಹಿಳೆಯರು. ಮೇಲಿನ ಮಹಡಿಗಳಿಂದ ಕಾರುಗಳನ್ನು ತೆರವು ಮಾಡಿ, ಬಿಳಿ ಗೋಡೆಗಳನ್ನು ನಿಲ್ಲಿಸಿ, ದೀಪ ಹಾಕಿ, ಗ್ಯಾಲರಿಗಳಿಗೆ ಮಳಿಗೆ ಹಂಚಿದರು. ಆಮೇಲೆ ಫೆಬ್ರವರಿ ಎಂದರೆ ಮನಿಲಾದ ಕಲಾಲೋಕಕ್ಕೆ ಮೇಳದ ತಿಂಗಳು ಎಂಬಂತಾಯಿತು. ಸಾಂಕ್ರಾಮಿಕದ ಕಾಲದಲ್ಲಿ ಮೇಳ ಆನ್‌ಲೈನ್‌ಗೆ ಹೋಯಿತು, ನಂತರ ಜಾಗವೂ ಬದಲಾಯಿತು. ಆದರೂ ಗಟ್ಟಿ ಕಾಂಕ್ರೀಟಿನ ಇಳಿಜಾರು ಹತ್ತಿ ಚಿತ್ರ ನೋಡಲು ಹೋಗುವುದು ಅದರ ಗುರುತಾಗಿ ಉಳಿಯಿತು. ಒಂದು ಸಲ ನೀಲೊ ಇಲಾರ್ದೆ ಎಂಬ ಕಲಾವಿದರು ಅದೇ ಕಟ್ಟಡದಲ್ಲಿ ಸಾವಿರಾರು ಆಟಿಕೆ ಕಾರುಗಳನ್ನು ತುಂಬಿ ಕೃತಿಯಾಗಿಸಿದ್ದರು. ಕಟ್ಟಡದಿಂದ ಹೊರಗೆ ಹೋದ ಕಾರುಗಳು ಗೊಂಬೆಗಳಾಗಿ ಒಳಗೆ ಮರಳಿದ್ದವು. ಮೇಳದ ಒಳಗೇ ನಿಂತು ಮೇಳವನ್ನು ಪ್ರಶ್ನಿಸುವ ಕೃತಿಗೆ ಮೇಳವೇ ಜಾಗ ಕೊಟ್ಟಿತು ಎನ್ನುವುದನ್ನು ನಾನು ಅದರ ಪರವಾಗಿ ಬರೆದುಕೊಳ್ಳುತ್ತೇನೆ.

ಮೇಳದ ಪರವಾದ ವಾದದ ತಿರುಳು ಸರಳ. ಕಲಾವಿದರೂ ಬಾಡಿಗೆ ಕಟ್ಟಬೇಕು. ಕ್ಯಾನ್ವಾಸು, ಬಣ್ಣ, ಕ್ಯಾಮೆರಾ, ಸಹಾಯಕರ ಸಂಬಳ, ಮಕ್ಕಳ ಶಾಲೆಯ ಶುಲ್ಕ, ಎಲ್ಲಕ್ಕೂ ದುಡ್ಡು ಬೇಕು. ಹೆಸರು ಮಾಡಿದ ಬೆರಳೆಣಿಕೆಯ ಹಿರಿಯರಿಗೆ ಸರ್ಕಾರ 'ರಾಷ್ಟ್ರೀಯ ಕಲಾವಿದ' ಎಂಬ ಗೌರವವನ್ನೂ ಅದರ ಜೊತೆಗಿನ ಸವಲತ್ತನ್ನೂ ಕೊಡುತ್ತದೆ. ಮೂವತ್ತರ ಆಸುಪಾಸಿನಲ್ಲಿ ಇನ್ನೂ ದಾರಿ ಹುಡುಕುತ್ತಿರುವವರನ್ನು ಅದು ತಲುಪುವುದಿಲ್ಲ. ಅವರ ಕೈ ಹಿಡಿಯುವುದು ಮಾರಾಟವೇ. ಮೇಳದ ಕೆಲವೇ ದಿನಗಳಲ್ಲಿ ಊರಿನ ಗ್ಯಾಲರಿಗಳೆಲ್ಲ ಒಂದೇ ಸೂರಿನಡಿ ಸೇರುತ್ತವೆ. ಸಂಗ್ರಾಹಕರು, ಹೊರದೇಶದ ಕ್ಯುರೇಟರ್‌ಗಳು, ಬರಹಗಾರರು ಓಡಾಡುತ್ತಾರೆ. ಗ್ಯಾಲರಿಯ ಗಾಜಿನ ಬಾಗಿಲು ತಳ್ಳಲು ಹಿಂಜರಿಯುವ ಕಾಲೇಜು ಹುಡುಗ ಹುಡುಗಿಯರೂ ಟಿಕೆಟ್ ಕೊಂಡು ಗುಂಪಿನಲ್ಲಿ ನಿರಾಳವಾಗಿ ನೋಡುತ್ತಾರೆ. ಅವರಲ್ಲಿ ಬಹಳ ಮಂದಿ ಚಿತ್ರದ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ ಎಂಬುದನ್ನು ದೂರಾಗಿ ಹೇಳುವವರಿದ್ದಾರೆ. ನನಗೆ ಅದು ದೂರಲ್ಲ. ಚಿತ್ರದ ಮುಂದೆ ನಿಲ್ಲಲು ಯಾವ ನೆಪವಾದರೂ ಸರಿ, ನಿಂತರೆ ಕಣ್ಣು ತನ್ನ ಕೆಲಸ ಮಾಡುತ್ತದೆ.

ಇನ್ನೊಂದು ಹಳೆಯ ಕಾರಣವೂ ಇದೆ. ವಸಾಹತಿನ ಕಾಲದಲ್ಲಿ ಫಿಲಿಪಿನೊ ಕಲಾವಿದ ದೊಡ್ಡವನೆನಿಸಿಕೊಳ್ಳಬೇಕಾದರೆ ಸಮುದ್ರ ದಾಟಬೇಕಿತ್ತು. ಹುವಾನ್ ಲೂನಾ 1884ರಲ್ಲಿ ಮ್ಯಾಡ್ರಿಡ್ ಪ್ರದರ್ಶನದಲ್ಲಿ ಚಿನ್ನದ ಪದಕ ಗೆದ್ದಾಗ ಅದು ಇಡೀ ಜನಾಂಗದ ಮಾನದ ಮಾತಾಗಿತ್ತು. ಗೆದ್ದ ಚಿತ್ರ 'ಸ್ಪೊಲಿಯಾರಿಯಂ'. ಸತ್ತ ಗ್ಲಾಡಿಯೇಟರ್‌ಗಳನ್ನು ಎಳೆದೊಯ್ಯುವ ಆ ದೃಶ್ಯದಲ್ಲಿ ಅವನ ನಾಡಿನವರು ಸ್ಪೇನಿನ ಕಾಲಡಿ ನರಳುತ್ತಿದ್ದ ತಮ್ಮನ್ನೇ ಕಂಡರು. ಆ ಚಿತ್ರ ತಾಯ್ನಾಡಿಗೆ ಬಂದದ್ದು 1958ರಲ್ಲಿ, ಸ್ಪೇನ್ ಅದನ್ನು ಕೊಡುಗೆಯಾಗಿ ಕೊಟ್ಟ ಮೇಲೆ. ಈಗಿನ ತಲೆಮಾರಿನ ಚಿತ್ರಕಾರ್ತಿ ತನ್ನೂರಲ್ಲೇ ಪ್ರದರ್ಶಿಸಿ, ತನ್ನ ಜನರಿಗೇ ಮಾರಿ, ತನ್ನ ಭಾಷೆಯಲ್ಲೇ ಹೊಗಳಿಕೆ ತೆಗಳಿಕೆ ಎರಡನ್ನೂ ಕೇಳಿಸಿಕೊಳ್ಳಬಹುದಾದರೆ ಅದು ಸಣ್ಣ ಸಂಗತಿಯಲ್ಲ.

ಇನ್ನು ಎದುರು ತಟ್ಟೆ. ಅದರಲ್ಲೂ ಭಾರವಿದೆ.

2011ರಲ್ಲಿ ಹಾಂಗ್‌ಕಾಂಗ್‌ನ ಸೋಥ್‌ಬೀಸ್ ಹರಾಜಿನಲ್ಲಿ ರೊನಾಲ್ಡ್ ವೆಂಚುರಾ ಅವರ 'ಗ್ರೇಗ್ರೌಂಡ್' ಚಿತ್ರ ಸುಮಾರು 11 ಲಕ್ಷ ಅಮೆರಿಕನ್ ಡಾಲರ್‌ಗೆ ಹೋಯಿತು. ಆಗ್ನೇಯ ಏಷ್ಯಾದ ಸಮಕಾಲೀನ ಚಿತ್ರವೊಂದಕ್ಕೆ ಅದು ಆಗಿನ ದಾಖಲೆ. ಇಂಥ ಸುದ್ದಿ ಬಂದ ಮೇಲೆ ಚಿತ್ರವನ್ನು ಕಣ್ಣಿಂದ ಕೊಳ್ಳುವವರ ಜೊತೆ ಕಿವಿಯಿಂದ ಕೊಳ್ಳುವವರೂ ಸೇರಿಕೊಳ್ಳುತ್ತಾರೆ. ಇವತ್ತು ಕೊಂಡು ನಾಳೆ ಹರಾಜಿಗೆ ಹಾಕುವವರು ಬರುತ್ತಾರೆ. ಮೊದಲ ಪ್ರದರ್ಶನಕ್ಕೇ ಬೆಲೆ ಏರಿದ ಯುವಕ ಮುಂದಿನ ವರ್ಷವೂ ಅದೇ ಬಗೆಯ ಚಿತ್ರ ಬರೆದರೆ ಸಾಕು ಎಂಬ ಒತ್ತಡಕ್ಕೆ ಸಿಲುಕುತ್ತಾನೆ. ಮಳಿಗೆಯ ಗೋಡೆಗೆ ಹೊಂದುವುದು, ದೂರದಿಂದಲೇ ಕಣ್ಣು ಸೆಳೆಯುವುದು, ಫೋನಿನ ಪರದೆಯಲ್ಲಿ ಚೆನ್ನಾಗಿ ಕಾಣುವುದು, ಇವು ಯಾರೂ ಬರೆದಿಡದ ನಿಯಮಗಳಾಗುತ್ತವೆ.

ಫಿಲಿಪೀನ್ಸ್‌ನ ಸಮಕಾಲೀನ ಕಲೆಗೆ ಬೆನ್ನೆಲುಬು ಕೊಟ್ಟವರಲ್ಲಿ ಒಬ್ಬರಾದ ರೊಬೆರ್ತೊ ಚಾಬೆತ್ ಈ ನಿಯಮಗಳಿಗೆ ಒಗ್ಗುತ್ತಲೇ ಇರಲಿಲ್ಲ. ಪ್ಲೈವುಡ್ಡು, ಹಗ್ಗ, ದಿನಬಳಕೆಯ ಸಾಮಾನುಗಳಿಂದ ಅವರು ಕೆಲಸ ಮಾಡಿದರು. 1973ರಲ್ಲಿ ಫಿಲಿಪೀನ್ಸ್‌ನ ಸಮಕಾಲೀನ ಕಲೆಯನ್ನು ಕುರಿತ ದುಬಾರಿ ಪುಸ್ತಕವೊಂದನ್ನು ಹರಿದು ಕಸದ ಡಬ್ಬಿಗೆ ಹಾಕಿದ್ದೇ ಅವರ ಒಂದು ಕೃತಿ. ಫಿಲಿಪೀನ್ಸ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿದ ಅವರ ಕೈಯಲ್ಲಿ ಒಂದು ತಲೆಮಾರೇ ಬೆಳೆಯಿತು. ಅಂಥ ಕಲೆಯನ್ನು ಸಾಕಿದ್ದು ತರಗತಿಯ ಕೋಣೆ, ಮತ್ತು ಕಲಾವಿದರು ತಾವೇ ಕೈಯಿಂದ ದುಡ್ಡು ಹಾಕಿ ನಡೆಸಿದ ಪುಟ್ಟ ಜಾಗಗಳು. 2000ದಲ್ಲಿ ಶುರುವಾದ ಗ್ರೀನ್ ಪಪಾಯ ಅವುಗಳಲ್ಲೊಂದು. 2020ರ ಬೆಂಕಿಯಲ್ಲಿ ಅದರ ದಾಖಲೆಗಳಿಗೆ ಹಾನಿಯಾಯಿತು. ಮೇಳದ ಸಂಭ್ರಮ ಇಂಥ ಜಾಗಗಳಿಗೆ ಬದಲಿಯಾಗಲಾರದು. ಇಲಾರ್ದೆಯವರೂ ಚಾಬೆತ್ ಶಿಷ್ಯರೇ. ಅವರ ಆಟಿಕೆ ಕಾರುಗಳಿಗೆ ಮೇಳದಲ್ಲಿ ಜಾಗ ಸಿಕ್ಕಿದ್ದರೂ ಆ ಬುದ್ಧಿ ಮೊಳಕೆಯೊಡೆದದ್ದು ಮಾರಾಟದ ಗೊಡವೆಯಿಲ್ಲದ ನೆಲದಲ್ಲಿ.

ಅತ್ಯಂತ ಕಠಿಣವಾದ ಆಕ್ಷೇಪ ರಾಜಕೀಯದ್ದು. 1972ರಲ್ಲಿ ಆಗಿನ ಅಧ್ಯಕ್ಷ ಮಾರ್ಕೋಸ್ ಸೇನಾಡಳಿತ ಹೇರಿದ ಮೇಲೆ ಹುಟ್ಟಿದ ಕಲಾ ಚಳವಳಿ ಸಿರಿವಂತರ ಗೋಡೆಗೆ ಅಲಂಕಾರವಾಗುವುದಿಲ್ಲ ಎಂದು ಹೊರಟಿತ್ತು. ಆಂತಿಪಾಸ್ ದೆಲೊತಾವೊ 1978ರಲ್ಲಿ ಬರೆದ ಜಲವರ್ಣವೊಂದಿದೆ. ಬಡಕಲು ಮುದುಕನೊಬ್ಬ ತಲೆ ತಗ್ಗಿಸಿ ನಡೆಯುತ್ತಿದ್ದಾನೆ. ಅವನ ಹಿಂದೆ ಕೋಕಾ ಕೋಲಾದ ದೊಡ್ಡ ಕೆಂಪು ಫಲಕ, ಅದರ ಅಕ್ಷರದ ಬಾಲ ಕತ್ತಿಯ ತುದಿಯಾಗಿ ಅವನ ಎದೆಗೆ ಗುರಿಯಿಟ್ಟಿದೆ. ಈ ಪರಂಪರೆಯ ಕೃತಿಗಳು ಇವತ್ತು ಮಕಾತಿಯ ಮೇಳದ ಮಳಿಗೆಯಲ್ಲಿ ತೂಗುವಾಗ ಸುತ್ತ ಇರುವುದು ಕಂಪನಿಗಳ ಹೆಸರುಗಳೇ. ಮೇಳಕ್ಕೆ ಬೆಂಬಲವಾಗಿ ನಿಂತಿರುವ ಅಯಾಲಾ ಲ್ಯಾಂಡ್, ಮಕಾತಿಯ ವಾಣಿಜ್ಯ ಕೇಂದ್ರವನ್ನು ಕಟ್ಟಿದ ಮನೆತನದ ಸಂಸ್ಥೆ. ಬಡವನ ನೋವನ್ನು ಬರೆದ ಚಿತ್ರ ಸಿರಿವಂತನ ಊಟದ ಕೋಣೆಗೆ ಹೋದರೆ ಅದರ ಹಲ್ಲು ಉದುರುವುದಿಲ್ಲವೇ?

ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ, ಏಕೆಂದರೆ ಆ ದೇಶದಲ್ಲಿ ಚಿತ್ರ ಸಂಗ್ರಹಕ್ಕೆ ಕರಾಳವಾದ ಇತಿಹಾಸವಿದೆ. ಮಾರ್ಕೋಸ್ ದಂಪತಿ 1968ರಲ್ಲಿ ಜೇನ್ ರಯಾನ್, ವಿಲಿಯಂ ಸಾಂಡರ್ಸ್ ಎಂಬ ಸುಳ್ಳು ಹೆಸರಲ್ಲಿ ಸ್ವಿಸ್ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು. ಅವರು ಕೂಡಿಟ್ಟ ಯುರೋಪಿನ ಹಳೆಯ ಚಿತ್ರಗಳು ಸರ್ಕಾರದ ವಶವಾಗಿ 1991ರಲ್ಲಿ ಕ್ರಿಸ್ಟೀಸ್‌ನಲ್ಲಿ ಹರಾಜಾದವು. ಮಾರ್ಕೋಸ್ ವಿರೋಧಿ ಹೋರಾಟದ ಕುಟುಂಬದಿಂದ ಬಂದು ಲಂಡನ್‌ನಲ್ಲಿ ನೆಲೆಸಿರುವ ಪಿಯೊ ಅಬಾದ್ ಆ ಚಿತ್ರಗಳನ್ನು ಪೋಸ್ಟ್‌ಕಾರ್ಡ್‌ಗಳಾಗಿ ಮುದ್ರಿಸಿ, ನೋಡಲು ಬಂದವರು ಪುಕ್ಕಟೆ ಒಯ್ಯಲಿ ಎಂದು ಇಟ್ಟರು. ಕದ್ದ ಸಂಪತ್ತು ಕೊನೆಗೂ ಜನರ ಜೇಬಿಗೆ ಬಂದಂತಾಯಿತು. 2024ರ ಟರ್ನರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದ ಈ ಕಲಾವಿದರ ಪರವಾಗಿ ನಿಂತಿರುವುದೂ ಒಂದು ಗ್ಯಾಲರಿಯೇ, ಅದೇ ಸಿಲ್ವರ್‌ಲೆನ್ಸ್. ಹಾಗಾಗಿ ಮಾರುಕಟ್ಟೆಗೆ ಕಾಲಿಟ್ಟ ಕೂಡಲೇ ಕಲೆ ಮೂಕವಾಗುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಕೃತಿಯ ಒಳಗೆ ಹಟವಿದ್ದರೆ ಮಳಿಗೆ ಅದನ್ನು ಪಳಗಿಸಲಾರದು. ಹಟವಿಲ್ಲದ್ದು ಮ್ಯೂಸಿಯಂನಲ್ಲಿದ್ದರೂ ಮೂಕವೇ.

ದೂರದ ದ್ವೀಪಗಳವರ ಆಕ್ಷೇಪ ಇನ್ನೊಂದು. ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶದಲ್ಲಿ ಕಲೆಯ ಬೆಲೆ ಮಕಾತಿಯ ಕೆಲವು ಬೀದಿಗಳಲ್ಲಿ ತೀರ್ಮಾನವಾಗುವುದು ಸರಿಯೇ? ಇದಕ್ಕೆ ವಿಸಾಯಸ್ ಭಾಗದ ಕಲಾವಿದರು ಮಕಾತಿ ಮೇಳಕ್ಕಿಂತ ಎಷ್ಟೋ ಮೊದಲೇ ಉತ್ತರ ಕಂಡುಕೊಂಡಿದ್ದರು. 1990ರಲ್ಲಿ ಬಕೊಲೊದ್ ಊರಿನಲ್ಲಿ ಅವರು ಶುರು ಮಾಡಿದ ವಿವಾ ಎಕ್ಸ್‌ಕಾನ್ ಎಂಬ ಕಲಾ ಸಮಾವೇಶ ಎರಡು ವರ್ಷಕ್ಕೊಮ್ಮೆ ದ್ವೀಪದಿಂದ ದ್ವೀಪಕ್ಕೆ ಸಾಗುತ್ತದೆ. ಅಲ್ಲಿ ಪ್ರದರ್ಶನದಷ್ಟೇ ಮುಖ್ಯ ಕೂತು ಮಾತಾಡುವುದು. 2020ರಲ್ಲಿ ಮನಿಲಾದ ಕೆಲವು ಗ್ಯಾಲರಿಗಳೂ ಸೇರಿ ಆಲ್ಟ್ ಫಿಲಿಪೀನ್ಸ್ ಎಂಬ ಬೇರೆಯೇ ಮೇಳ ತೆರೆದವು. ಬಾಗಿಲುಗಳು ಹೆಚ್ಚಿದಷ್ಟೂ ಒಳ್ಳೆಯದು.

ಇಷ್ಟು ತೂಗಿದ ಮೇಲೆ ತಕ್ಕಡಿ ನನ್ನ ಕೈಯಲ್ಲಿ ಮೇಳದ ಕಡೆಗೇ ತುಸು ವಾಲುತ್ತದೆ, ಆದರೆ ಒಂದು ಷರತ್ತಿನ ಮೇಲೆ. ಮೇಳ ಮಾಡಬಾರದ್ದನ್ನು ಮಾಡುತ್ತಿದೆ ಎಂಬುದಕ್ಕಿಂತ, ಅದರ ಸುತ್ತ ಇರಬೇಕಾದ ಬೇರೆ ವ್ಯವಸ್ಥೆಗಳು ಸೊರಗಿವೆ ಎಂಬುದೇ ನನ್ನ ದೊಡ್ಡ ದುಃಖ. ಫಿಲಿಪೀನ್ಸ್‌ನ ಬೌದ್ಧಿಕ ಆಸ್ತಿ ಕಾನೂನಿನ ಪ್ರಕಾರ, ಚಿತ್ರವಾಗಲಿ ಶಿಲ್ಪವಾಗಲಿ ಮರುಮಾರಾಟವಾದಾಗಲೆಲ್ಲ ಒಟ್ಟು ಮೊತ್ತದ ಶೇ 5ರಷ್ಟು ಕಲಾವಿದರಿಗೋ ವಾರಸುದಾರರಿಗೋ ಸಲ್ಲಬೇಕು. ಭಾರತದ ಕೃತಿಸ್ವಾಮ್ಯ ಕಾಯ್ದೆಯಲ್ಲೂ ಇಂಥದೇ ಹಕ್ಕಿದೆ. ಆದರೆ ಖಾಸಗಿಯಾಗಿ ಕೈ ಬದಲಿಸುವ ಚಿತ್ರದ ಬೆನ್ನು ಹತ್ತಿ ಈ ಪಾಲನ್ನು ವಸೂಲಿ ಮಾಡುವುದು ಒಬ್ಬಂಟಿ ಕಲಾವಿದನ ಕೈಲಾಗುವ ಕೆಲಸವಲ್ಲ. ಗ್ಯಾಲರಿಗಳೂ ಹರಾಜು ಸಂಸ್ಥೆಗಳೂ ಲೆಕ್ಕ ತೆರೆದಿಟ್ಟು ತಾವಾಗಿಯೇ ಸಲ್ಲಿಸಬೇಕು.

ಮೇಳದ ಟಿಕೆಟ್ ದುಡ್ಡಿನಲ್ಲಿ ಒಂದು ಪಾಲು ತೆಗೆದಿಟ್ಟು, ವರ್ಷಕ್ಕೊಂದು ಕೃತಿಯನ್ನಾದರೂ ಮನಿಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಂಡುಕೊಡಬೇಕು ಎಂಬುದು ನನ್ನ ಆಸೆ. 'ಸ್ಪೊಲಿಯಾರಿಯಂ' ಇರುವುದು ಅಲ್ಲೇ, ಮತ್ತು 2016ರಿಂದ ಅಲ್ಲಿ ಎಲ್ಲರಿಗೂ ಪ್ರವೇಶ ಉಚಿತ. ಇದು ಆಗದ ಮಾತೇನಲ್ಲ. ಮಕಾತಿ ಮೇಳವನ್ನು ಕಟ್ಟಿದ ಮೂವರು ಮಹಿಳೆಯರೇ 2006ರಲ್ಲಿ ಮಕಾತಿಯ ಸಾಲ್ಸೆದೊ ಬಡಾವಣೆಯ ಉದ್ಯಾನದಲ್ಲಿ 'ಆರ್ಟ್ ಇನ್ ದ ಪಾರ್ಕ್' ಶುರು ಮಾಡಿದವರು. ಅಲ್ಲಿ ಬೆಲೆಗೆ ಮೇಲ್ಮಿತಿ ಇದೆ, ಸಾಮಾನ್ಯ ಸಂಬಳದವರೂ ಕೃತಿ ಕೊಳ್ಳಲಿ ಎಂಬುದು ಉದ್ದೇಶ. ಅದರ ಆದಾಯ ಸಲ್ಲುವ ಮ್ಯೂಸಿಯಂ ಫೌಂಡೇಷನ್, ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ನೆರವಾಗುವ ಸಂಸ್ಥೆ. ಉದ್ಯಾನದಲ್ಲಿ ಅವರು ತೋರಿದ ಈ ಕಾಳಜಿ ದೊಡ್ಡ ಮೇಳದ ಲೆಕ್ಕಪುಸ್ತಕಕ್ಕೂ ಬರಬೇಕು.