ಮೊಬೈಲ್ ಬಂತು, ಅಳವಡಿಕೆ ಬಂತೇ?



2020ರ ಮಾರ್ಚ್ ತಿಂಗಳಿನಲ್ಲಿ ಕೋವಿಡ್ ರೋಗದಿಂದ ದೇಶದಲ್ಲಿ ದಾಖಲಾದ ಮೊದಲ ಸಾವು ನಮ್ಮ ಕಲಬುರಗಿಯದು. ಅದೇ ತಿಂಗಳ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾಯಿತು. ಕ್ಷೇತ್ರೋತ್ಸವ, ತರಬೇತಿ, ಬದುವಿನ ಮೇಲೆ ಕುಳಿತು ಮಾಡುವ ಚರ್ಚೆ ಎಲ್ಲ ನಿಂತು, ಬೇಸಾಯದ ಸಲಹೆ ಮೊಬೈಲಿಗೆ ಬರತೊಡಗಿತು. ಆ ವರ್ಷದ ಮುಂಗಾರಿನಲ್ಲಿ ರಾಜ್ಯ ಸರಕಾರವು, ರೈತರು ತಮ್ಮ ಹೊಲದ ಬೆಳೆ ಸಮೀಕ್ಷೆಯನ್ನು ತಾವೇ ಆ್ಯಪಿನ ಮೂಲಕ ಮಾಡಬೇಕೆಂದು ಕರೆ ನೀಡಿತು.

ಇದಾದ ಮೇಲೆ, ಸಾಂಕ್ರಾಮಿಕ ಕಾಲದಲ್ಲಿ ಡಿಜಿಟಲ್ ತಾಂತ್ರಿಕತೆಯ ಅಳವಡಿಕೆ ಎಷ್ಟಾಯಿತೆಂಬ ವಿಷಯದ ಮೇಲೆ ದೇಶವಿದೇಶಗಳಲ್ಲಿ ಸಂಶೋಧನಾ ಲೇಖನಗಳ ಸುಗ್ಗಿಯೇ ಆಯಿತು. ಇವುಗಳಲ್ಲಿ ಅನೇಕವು 1989ರಲ್ಲಿ ಅಮೆರಿಕದ ಫ್ರೆಡ್ ಡೇವಿಸ್ ರೂಪಿಸಿದ ಅಳತೆಗೋಲನ್ನೇ ಹಿಡಿದಿವೆ. ಸಾಧನವು ಉಪಯುಕ್ತವೆನಿಸುತ್ತದೆಯೇ, ಬಳಸಲು ಸುಲಭವೇ, ಮುಂದೆ ಬಳಸುವ ಇಚ್ಛೆ ಇದೆಯೇ? ಪ್ರಶ್ನೆಗಳು ಸರಿಯೇ. ಆದರೆ ಇಚ್ಛೆ ಬೇರೆ, ಬಳಕೆ ಬೇರೆ. ಬಿತ್ತುವೆನೆಂದ ಎಕರೆಯನ್ನು ಬಿತ್ತಿದ ಎಕರೆಯ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲವಷ್ಟೆ.

ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಆಗ ಹಳ್ಳಿಗೆ ಹೋಗುವಂತಿರಲಿಲ್ಲ; ಬಹಳಷ್ಟು ಸಮೀಕ್ಷೆಗಳು ಫೋನಿನಲ್ಲೇ ನಡೆದವು. ಫೋನಿಲ್ಲದವರಿಗೆ, ಮನೆಯ ಒಂದೇ ಫೋನು ಗಂಡನ ಜೇಬಿನಲ್ಲಿರುವ ಹೆಣ್ಣುಮಕ್ಕಳಿಗೆ ಪ್ರಶ್ನೆ ತಲುಪಲೇ ಇಲ್ಲ. ತೊಗರಿಯಲ್ಲಿ ಕಳೆ ತೆಗೆಯುವವರು, ಬಾಡಿದ ಗಿಡವನ್ನು ಮೊದಲು ಕಾಣುವವರು ಅವರೇ.

ಸೇಡಂ ತಾಲೂಕಿನ ಕೋಡ್ಲಾದಂಥ ಊರನ್ನು ನೆನೆಯಿರಿ. ಓದಿದ ಹುಡುಗನೊಬ್ಬ ಓಣಿಯ ಹತ್ತು ಮನೆಯವರ ಹೊಲಕ್ಕೆ ಹೋಗಿ, ಫೋಟೋ ತೆಗೆದು, ಸಮೀಕ್ಷೆ ಮುಗಿಸಿಕೊಟ್ಟನೆಂದು ಇಟ್ಟುಕೊಳ್ಳಿ. ಲೆಕ್ಕದಲ್ಲಿ ಹತ್ತು ಮಂದಿ ಅಳವಡಿಸಿಕೊಂಡಂತಾಯಿತು, ವಾಸ್ತವದಲ್ಲಿ ಒಬ್ಬ. ಅವನು ಹೈದರಾಬಾದಿಗೆ ದುಡಿಯಲು ಹೋದರೆ ಮುಂದಿನ ವರ್ಷ ಹತ್ತೂ ಮನೆ ಮೊದಲಿನಂತೆ. ಇದನ್ನು ಹೀಯಾಳಿಸಲು ಹೇಳುತ್ತಿಲ್ಲ. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಗೋವಿನಜೋಳ ಹರಡಿದ ಬಗೆಯನ್ನು ರಯಾನ್ ಮತ್ತು ಗ್ರಾಸ್ ಎಂಬ ಸಂಶೋಧಕರು 1943ರಲ್ಲಿ ಪ್ರಕಟಿಸಿದರು. ಬೀಜದ ಸುದ್ದಿ ಹೆಚ್ಚಾಗಿ ಮಾರಾಟಗಾರರಿಂದ ಬಂದಿತ್ತು. ಬಿತ್ತುವ ಧೈರ್ಯ ಬಂದದ್ದು ನೆರೆಯವರಿಂದ. ಅದೂ ಮೊದಮೊದಲು ಹೊಲದ ಒಂದು ಭಾಗದಲ್ಲಿ ಮಾತ್ರ. ಆ ಹುಡುಗನೇ ನಮ್ಮ ಕಾಲದ ನೆರೆಯವನು. ಸಂಶೋಧಕರು ಅವನನ್ನು ಲೆಕ್ಕಕ್ಕೆ ಹಿಡಿಯಬೇಕು. ತರಬೇತಿಯನ್ನೂ ಅವನಿಗೆ ಕೊಡಬೇಕು, ಊರು ಬಿಟ್ಟು ಹೋಗದ ಅವನ ಅತ್ತಿಗೆಗೂ ಕೊಡಬೇಕು.

ಫೋಟೋಕ್ಕೂ ಮಿತಿಯಿದೆ. ಬಾಡಿದ ತೊಗರಿ ಗಿಡದ ಚಿತ್ರ ಮಾತ್ರ ಕಳಿಸಿದರೆ ಅದು ನೆಟೆ ರೋಗವೋ, ಬೇರು ಕೊಳೆಯೋ, ತೇವದ ಕೊರತೆಯೋ ಹೇಳುವುದು ಕಷ್ಟ. ಗಿಡ ಕಿತ್ತು, ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿರಿ. ಒಳಗೆ ಕಂದು ಅಥವಾ ಕಪ್ಪು ಗೆರೆಗಳಿದ್ದರೆ ನೆಟೆಯ ಲಕ್ಷಣ. ಸೀಳಿದ ಕಾಂಡದ ಚಿತ್ರವನ್ನೂ ಜೊತೆಗೆ ಕಳಿಸಿದರೆ ಸಲಹೆ ಕೊಡುವವರಿಗೆ ಅನುಕೂಲ.

ಆ್ಯಪ್ ಬಳಸುತ್ತೀರಾ ಎಂದು ತಮಗೆ ಯಾರಾದರೂ ಫೋನು ಮಾಡಿ ಕೇಳಿದಾಗ, ಬಳಸಿದವನು ಪಕ್ಕದ ಮನೆಯ ಹುಡುಗನಾಗಿದ್ದರೆ ಹಾಗೆಂದೇ ಹೇಳಿರಿ. ಬೆಳೆ ಸಮೀಕ್ಷೆಯ ದಾಖಲೆಯನ್ನು ಬೆಂಬಲ ಬೆಲೆಯ ಖರೀದಿಗೂ ಬೆಳೆ ಪರಿಹಾರಕ್ಕೂ ಆಧಾರವಾಗಿ ಹಿಡಿಯುತ್ತಾರೆ. ತೊಗರಿ ಬಿತ್ತಿದ ಸರ್ವೆ ನಂಬರಿನಲ್ಲಿ ಹತ್ತಿ ಎಂದು ದಾಖಲಾಗಿದ್ದರೆ, ಬೆಳೆ ದರ್ಶಕ ಆ್ಯಪನ್ನು ಅವನಿಂದಲೇ ತೆಗೆಸಿ ನೋಡಿ, ಅವಧಿ ಮುಗಿಯುವುದರೊಳಗೆ ಆಕ್ಷೇಪಣೆ ಸಲ್ಲಿಸಿರಿ.