'ಜೀರೋ ಫೀ' ಎಂಬ ಹಸಿ ಸುಳ್ಳು

ವಿರಾಜಪೇಟೆಯಲ್ಲಿ, ನಾಪೋಕ್ಲಿನಲ್ಲಿ, ಸಿದ್ದಾಪುರದಲ್ಲಿ ಯಾವ ಬೀದಿಗೆ ಹೋದರೂ ಗಲ್ಫಿನಲ್ಲಿ ದುಡಿಯುವ ಮಗನೋ ಅಳಿಯನೋ ಇರುವ ಮನೆ ಒಂದಾದರೂ ಸಿಗುತ್ತೆ. ಅಲ್ಲಿಂದ ಬರುವ ದುಡ್ಡಿನಲ್ಲೇ ಮನೆಗೆ ತಾರಸಿ ಬೀಳೋದು, ಮೈಸೂರಿನ ಆಸ್ಪತ್ರೆ ಬಿಲ್ಲು ಕಟ್ಟೋದು, ತಂಗಿಯ ಕಾಲೇಜು ಫೀಸು ತುಂಬೋದು. ಆ ದುಡ್ಡು ಕಳಿಸೋಕೆ ಎಷ್ಟು ಖರ್ಚಾಗುತ್ತೆ ಅಂತ ಕೇಳಿ ನೋಡಿ. "ಈಗೆಲ್ಲ ಫ್ರೀ ಕಣ್ರೀ, ಜೀರೋ ಫೀ" ಅಂತಾರೆ.

ಫ್ರೀ ಅಂತೆ! ಯಾರಪ್ಪ ಆ ಧರ್ಮಾತ್ಮ?

ಒಂದು ಲೆಕ್ಕ ಮಾಡೋಣ. ಅಂಕಿಗಳು ನಾನೇ ಇಟ್ಟುಕೊಂಡವು, ಲೆಕ್ಕ ಸುಲಭವಾಗಲಿ ಅಂತ. ಪೇಟೆಯಲ್ಲಿ ಒಂದು ದಿರ್ಹಮಿಗೆ 24 ರೂಪಾಯಿ ಇದೆ ಅಂದುಕೊಳ್ಳಿ. ಮೊದಲನೇ ಅಂಗಡಿಯವನು 20 ದಿರ್ಹಮ್ ಫೀ ತಗೊಂಡು 23.90ರ ರೇಟು ಕೊಡ್ತಾನೆ. ಎರಡನೆಯವನದು ಜೀರೋ ಫೀ, ಆದರೆ ರೇಟು 23.30. ಕೈಯಲ್ಲಿ 1,000 ದಿರ್ಹಮ್ ಇಟ್ಟುಕೊಂಡು ಹೋದರೆ ಮೊದಲನೆಯವನಿಂದ ಊರಿಗೆ 23,422 ರೂಪಾಯಿ ಬರುತ್ತೆ. 'ಫ್ರೀ'ಯವನಿಂದ 23,300. ಫೀ ತಗೊಂಡವನೇ ಅಗ್ಗ! 3,000 ದಿರ್ಹಮ್ ಕಳಿಸಿದರೆ 'ಫ್ರೀ'ಯವನ ಹತ್ತಿರ 1,322 ರೂಪಾಯಿ ಹೆಚ್ಚಿಗೆ ಹೋಯ್ತು.

ಆದರೆ ಬರೀ 300 ದಿರ್ಹಮ್ ಕಳಿಸೋನಿಗೆ? ಅಲ್ಲಿ ಲೆಕ್ಕ ತಿರುಗಿಬೀಳುತ್ತೆ. ಮೊದಲನೆಯವನಿಂದ 6,692, ಎರಡನೆಯವನಿಂದ 6,990. ಅಂದರೆ 'ಯಾವುದು ಬೆಸ್ಟು' ಅನ್ನೋ ಪ್ರಶ್ನೆಗೆ ಒಂದೇ ಉತ್ತರ ಇಲ್ಲವೇ ಇಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಕೈಯಿಂದ ಇಷ್ಟು ಹೋದರೆ, ಅಮ್ಮನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತೆ?

ಇನ್ನೊಂದು ಅನ್ಯಾಯ ಗಮನಿಸಿದಿರಾ? ಅದೇ ಮೊದಲನೇ ಅಂಗಡಿಯಲ್ಲಿ 3,000 ಕಳಿಸುವ ಇಂಜಿನಿಯರು ಕಳಕೊಳ್ಳೋದು ನೂರಕ್ಕೆ ಒಂದು ಚಿಲ್ಲರೆ. 300 ಕಳಿಸುವ ಹೋಟೆಲ್ ಹುಡುಗ ಕಳಕೊಳ್ಳೋದು ನೂರಕ್ಕೆ ಏಳು. ಬಡವನಿಗೆ ಹೆಚ್ಚು ರೇಟು, ಇದ್ದವನಿಗೆ ರಿಯಾಯಿತಿ!

"ದೇಶ ದಾಟಬೇಕಲ್ವಾ, ಖರ್ಚು ಇರುತ್ತೆ" ಅಂತ ಸಮಜಾಯಿಷಿ ಕೊಡೋರಿದ್ದಾರೆ. ಸ್ವಾಮಿ, ಗಲ್ಫಿನ ಎಕ್ಸ್‌ಚೇಂಜುಗಳು ನಮ್ಮ ಬ್ಯಾಂಕುಗಳಲ್ಲಿ ಮೊದಲೇ ರೂಪಾಯಿ ಖಾತೆ ಇಟ್ಟಿರುತ್ತವೆ. ಈ ಏರ್ಪಾಟಿಗೆ ರಿಸರ್ವ್ ಬ್ಯಾಂಕಿನವರು ರುಪೀ ಡ್ರಾಯಿಂಗ್ ಅರೇಂಜ್‌ಮೆಂಟ್ ಅಂತಾರೆ. ಶಾರ್ಜಾದಲ್ಲಿ ದಿರ್ಹಮ್ ಕಟ್ಟಿದರೆ ಇಲ್ಲಿನ ಖಾತೆಯಿಂದ ರೂಪಾಯಿ ಹೊರಡುತ್ತೆ. ಕೊನೆಯ ಹೆಜ್ಜೆ ನಮ್ಮದೇ ನೆಫ್ಟು, ಐಎಂಪಿಎಸ್ಸು. ಆ ನೆಫ್ಟ್ 2019ರ ಡಿಸೆಂಬರಿನಿಂದ ದಿನದ 24 ಗಂಟೆಯೂ ನಡೆಯುತ್ತೆ. 2020ರ ಜನವರಿಯಿಂದ ಉಳಿತಾಯ ಖಾತೆಯವರು ಆನ್‌ಲೈನಿನಲ್ಲಿ ಮಾಡಿದರೆ ಪುಕ್ಕಟೆ. ದಿರ್ಹಮಂತೂ 1997ರಿಂದ ಡಾಲರಿಗೆ 3.6725ರ ಗೂಟಕ್ಕೆ ಕಟ್ಟಿಹಾಕಿದ ಕರು, ಅಲ್ಲಾಡೋದೇ ಇಲ್ಲ. ಹಾಗಿದ್ದರೆ ರೇಟಿನಲ್ಲಿ ಕತ್ತರಿಸಿದ ಪೈಸೆಗಳು ಎಲ್ಲಿ ಹೋದವು? ಅದು ಲಾಭ. ಲಾಭ ಮಾಡಲಿ, ಬೇಡ ಅನ್ನಲ್ಲ. ಆದರೆ 'ಫ್ರೀ' ಅಂತ ಬೋರ್ಡು ಹಾಕಿ ಮಾಡಬೇಡಿ.

ಅಮೆರಿಕ, ಯುರೋಪಿನಿಂದ ಬ್ಯಾಂಕಿನ ಸ್ವಿಫ್ಟ್ ದಾರಿಯಲ್ಲಿ ಕಳಿಸೋರ ಕಥೆ ಬೇರೆ. ಮಧ್ಯದ ಬ್ಯಾಂಕುಗಳು ದಾರಿಯಲ್ಲಿ ಸುಂಕ ಕಿತ್ತುಕೊಳ್ಳಬಹುದು, ಡಾಲರ್ ಇಲ್ಲಿ ಬಂದು ರೂಪಾಯಿ ಆಗುವಾಗ ಜಿಎಸ್‌ಟಿ ಬೇರೆ. ಅಮೆರಿಕದಲ್ಲಿ 2026ರ ಜನವರಿಯಿಂದ ನಗದು ಕೊಟ್ಟು ಹೊರದೇಶಕ್ಕೆ ಕಳಿಸಿದರೆ ನೂರಕ್ಕೆ ಒಂದು ತೆರಿಗೆ. ಬ್ಯಾಂಕ್ ಖಾತೆಯಿಂದ ಕಳಿಸೋರಿಗೆ ಅದಿಲ್ಲ. ಅಲ್ಲೂ ಪೆಟ್ಟು ಖಾತೆ ಇಲ್ಲದವನಿಗೇ!

ನೂರಕ್ಕೆ ಒಂದು ಅಂದರೆ ಪುಡಿಗಾಸು ಅಂದುಕೊಂಡಿರಾ? ರಿಸರ್ವ್ ಬ್ಯಾಂಕಿನ ಸಮೀಕ್ಷೆ ಪ್ರಕಾರ 2023-24ರಲ್ಲಿ ಭಾರತಕ್ಕೆ ಹೀಗೆ ಬಂದದ್ದು 118.7 ಬಿಲಿಯನ್ ಡಾಲರ್, ಅದರಲ್ಲಿ ಕರ್ನಾಟಕದ ಪಾಲು ಶೇ 7.7. ಈ ಪಾಲಿನಲ್ಲಿ ನೂರಕ್ಕೆ ಒಂದು ಸೋರಿದರೂ ಆಗಿನ ರೇಟಿನಲ್ಲಿ ವರ್ಷಕ್ಕೆ ಸುಮಾರು 750 ಕೋಟಿ ರೂಪಾಯಿ. 2030ರೊಳಗೆ ಈ ಖರ್ಚು ಶೇ 3ಕ್ಕಿಂತ ಕೆಳಗಿಳೀಬೇಕು ಅಂತ ವಿಶ್ವಸಂಸ್ಥೆ 2015ರಲ್ಲಿ ಗುರಿ ಇಟ್ಟಿತು. 200 ಡಾಲರ್ ಕಳಿಸುವ ಖರ್ಚಿನ ಜಾಗತಿಕ ಸರಾಸರಿ 2024ರಲ್ಲೂ ಶೇ 6ರ ಮೇಲೇ ಇತ್ತು. ಗಲ್ಫಿನಿಂದ ನಮ್ಮ ಕಡೆಗೆ ಅದಕ್ಕಿಂತ ಅಗ್ಗ, ನಿಜ. ಆದರೆ ಸರಾಸರಿ ಅನ್ನೋದು ಇಂಜಿನಿಯರನ್ನೂ ಹೋಟೆಲ್ ಹುಡುಗನನ್ನೂ ಒಂದೇ ತಕ್ಕಡಿಗೆ ಹಾಕುತ್ತೆ.

"ಇದಕ್ಕೆಲ್ಲ ಹುಂಡಿಯೇ ಮೇಲು" ಅನ್ನೋ ಗುಸುಗುಸು ನಮ್ಮೂರಲ್ಲಿ ಕೇಳದವರಿಲ್ಲ. ಅದು ಕಾನೂನುಬಾಹಿರ. ರಸೀದಿ ಇಲ್ಲ, ದುಡ್ಡು ಮುಳುಗಿದರೆ ಕೇಳೋಕೆ ಬಾಯಿಲ್ಲ. ಖಂಡಿತ ಬೇಡ. ಆದರೆ ಅತ್ತ ಹೋಗೋನಿಗೆ ಉಪದೇಶ ಮಾಡೋ ಮೊದಲು ಇತ್ತಲಿನ ಬಾಗಿಲಲ್ಲಿ ಮುಚ್ಚುಮರೆ ನಿಲ್ಲಬೇಕಲ್ಲ?

2023ರ ಫೆಬ್ರವರಿಯಲ್ಲಿ ನಮ್ಮ ಯುಪಿಐಯನ್ನು ಸಿಂಗಾಪುರದ ಪೇನೌ ಜೊತೆ ಜೋಡಿಸಿದರು. ಮೊಬೈಲಿನಿಂದ ಮೊಬೈಲಿಗೆ ದುಡ್ಡು! ಅದೇ ಜುಲೈಯಲ್ಲಿ ಯುಎಇ ಜೊತೆಗೂ ಇಂಥ ಜೋಡಣೆಗೆ ಎರಡೂ ದೇಶದ ಕೇಂದ್ರ ಬ್ಯಾಂಕುಗಳು ಸಹಿ ಹಾಕಿದವು. ಮನಸ್ಸು ಮಾಡಿದರೆ ದಾರಿ ಇದೆ ಅಂತಾಯ್ತಲ್ಲ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಬೆಟ್ಟ ಕುಸಿದಾಗ ದುಬೈಯಲ್ಲಿದ್ದ ಮಗ ರೇಟು ಹೋಲಿಸುತ್ತಾ ಕೂರೋಕಾಗುತ್ತಾ? ಸಿಕ್ಕ ಅಂಗಡಿಗೆ ನುಗ್ಗಿ ಕಳಿಸ್ತಾನೆ. ಅದಕ್ಕೇ ಹೇಳೋದು, ಹೋಲಿಸುವ ಹೊರೆ ಕಳಿಸುವವನ ತಲೆ ಮೇಲೆ ಹಾಕಬೇಡಿ. ಪೇಟೆಯ ದರ, ನೀವು ಕೊಡುವ ದರ, ಊರಿಗೆ ಮುಟ್ಟುವ ರೂಪಾಯಿ, ಈ ಮೂರೂ ದುಡ್ಡು ಕಟ್ಟೋ ಮೊದಲೇ ಒಂದೇ ಸಾಲಿನಲ್ಲಿ ದಪ್ಪಕ್ಷರದಲ್ಲಿ ಕಾಣಬೇಕು. ಅದೂ ಕನ್ನಡದಲ್ಲಿ. ಇದನ್ನು ಕಡ್ಡಾಯ ಮಾಡಿ ಅಂತ ಎರಡೂ ಕಡೆಯ ಸರಕಾರಗಳನ್ನು ಕೇಳೋಣ.

ಕೊನೆಗೆ ಹೊರದೇಶದಲ್ಲಿರುವ ಬ್ಲಾಗಿಗ ಮಿತ್ರರಿಗೆ ಒಂದು ಮಾತು. ಹೊಸದಾಗಿ ಬಂದ ಊರಿನ ಹುಡುಗ "ಅಣ್ಣಾ, ದುಡ್ಡು ಕಳಿಸೋಕೆ ಯಾವುದು ಒಳ್ಳೇದು?" ಅಂತ ಕೇಳಿದರೆ ನಿಮ್ಮ ಬೋನಸ್ಸಿನ ರೆಫರಲ್ ಲಿಂಕ್ ಕಳಿಸಿ ಕೈತೊಳಕೋಬೇಡಿ. ಪಕ್ಕ ಕೂರಿಸಿಕೊಂಡು ಮೇಲಿನ ಲೆಕ್ಕ ಹೇಳಿಕೊಡಿ. ಐದು ನಿಮಿಷ ಸಾಕು. ನಿಮ್ಮ ಬೋನಸ್ಸಿಗಿಂತ ಅವನ ಮನೆಯ ಅಕ್ಕಿ ದೊಡ್ಡದು.

ಏನಂತೀರಿ?