ಒಬ್ಬರಿಂದಾಗದ ತರಬೇತಿ ಹತ್ತು ಜನರಿಂದ ಸಾಧ್ಯ

ನುರಿತ ಮೋಲ್ಡರ್, ಟರ್ನರ್, ಫಿಟ್ಟರ್‌ಗಳು ದೊರೆಯುವುದಿಲ್ಲವೆಂಬುದು ಬೆಳಗಾವಿಯ ಉದ್ಯಮಬಾಗ ಹಾಗೂ ಮಚ್ಛೆಯ ಫೌಂಡ್ರಿ ಮತ್ತು ಯಂತ್ರಭಾಗ ತಯಾರಕರ ಹಳೆಯ ದೂರು. ಅತ್ತ ನೆರೆಯ ಖಾನಾಪುರ ತಾಲೂಕಿನ ಯುವಕರು ಉದ್ಯೋಗ ಅರಸಿ ಗೋವಾದತ್ತ ಮುಖಮಾಡುತ್ತಾರೆ. ಕೈಕಸಬು ಆ ತಾಲೂಕಿಗೆ ಹೊಸದೇನಲ್ಲ. ಅಲ್ಲಿಯ ಜೇಡಿಮಣ್ಣು ಹಂಚಿನ ಉದ್ಯಮವನ್ನು ಬೆಳೆಸಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕುಂಬಾರಿಕೆಯ ತರಬೇತಿ ಸಂಸ್ಥೆಗೆ ಆರಿಸಿದ್ದೂ ಖಾನಾಪುರವನ್ನೇ.

ಕಲಿಸಿದ ಹುಡುಗನನ್ನು ಪಕ್ಕದ ಘಟಕದವರು ಹೆಚ್ಚು ಸಂಬಳಕ್ಕೆ ಸೆಳೆದುಕೊಂಡರೆ ನಷ್ಟ ಕಲಿಸಿದವನಿಗೇ. ಸಣ್ಣ ಉದ್ಯಮಿಯ ಈ ಅಂಜಿಕೆ ನಿರಾಧಾರವಲ್ಲ. ಆದರೆ ಯಾರೂ ಕಲಿಸದಿದ್ದರೆ ಸೆಳೆದುಕೊಳ್ಳಲೂ ಯಾರೂ ಉಳಿಯುವುದಿಲ್ಲ.

ಇದಕ್ಕೆ ಪರಿಹಾರ ಕಾನೂನಿನಲ್ಲಿಯೇ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯು, 2014ರ ತಿದ್ದುಪಡಿಯ ತರುವಾಯ, ಹಲವು ಮಾಲೀಕರು ಒಗ್ಗೂಡಿ ಅನುಮೋದಿತ ಸಂಸ್ಥೆಯೊಂದರ ಮೂಲಕ ತರಬೇತಿ ನೀಡಲು ಅನುವು ಮಾಡಿಕೊಟ್ಟಿದೆ. 2019ರ ನಿಯಮಗಳಂತೆ 30 ಅಥವಾ ಹೆಚ್ಚು ಕಾರ್ಮಿಕರಿರುವ ಘಟಕಗಳಿಗೆ ಅಪ್ರೆಂಟಿಸ್ ನೇಮಕ ಕಡ್ಡಾಯ; 4ರಿಂದ 29 ಕಾರ್ಮಿಕರಿರುವವರಿಗೆ ಐಚ್ಛಿಕ. 2016ರಲ್ಲಿ ಆರಂಭವಾದ ಪ್ರೋತ್ಸಾಹ ಯೋಜನೆಯಡಿ, ನಿಗದಿತ ಮಿತಿಗೊಳಪಟ್ಟು, ಶಿಷ್ಯವೇತನದ ಶೇ. 25 ಭಾಗವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ.

ಆದ್ದರಿಂದ ಹತ್ತು ಘಟಕಗಳು ಒಂದು ಗುಂಪಾಗಲಿ. ಅಭ್ಯರ್ಥಿಯು ಒಂದೆಡೆ ಅಚ್ಚು ಕಟ್ಟುವುದನ್ನೂ, ಮತ್ತೊಂದೆಡೆ ಲೇತ್ ಕೆಲಸವನ್ನೂ, ಇನ್ನೊಂದೆಡೆ ಗುಣಮಟ್ಟ ಪರೀಕ್ಷೆಯನ್ನೂ ಕಲಿಯಲಿ. ವೆಚ್ಚವನ್ನು ಎಲ್ಲರೂ ಹಂಚಿಕೊಂಡರೆ, ಹುಡುಗ ಗುಂಪಿನ ಯಾವ ಘಟಕಕ್ಕೆ ಸೇರಿದರೂ ನಷ್ಟವೆನಿಸದು. ತರಬೇತಿಯ ನಂತರದ ಸಂಬಳವನ್ನು ಮೊದಲೇ ಬರೆದುಕೊಡಬೇಕು. ಖಾನಾಪುರದಿಂದ ಬಂದುಹೋಗುವ ವೆಚ್ಚವನ್ನೂ ಗುಂಪೇ ಭರಿಸಬೇಕು. ಭರವಸೆ ಕಾಣದ ಊರಿನಲ್ಲಿ ಯಾವ ಯುವಕನೂ ನಿಲ್ಲಲಾರ. ಈ ಕಾರ್ಯಕ್ಕೆ ವಾಣಿಜ್ಯೋದ್ಯಮ ಸಂಸ್ಥೆಯೇ ಮುಂದಾಗುವುದು ಉಚಿತ.